ಮಾರುತ್‌ನ ಸೊಂಟ
ಮೂರು ವಾರದಿಂದ ಊಟದ ಟೇಬಲ್ ಮೇಲೆ ಎಚ್‌ಎಫ್-24 ಮಾರುತ್ ಕೂತಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ, 1961ರ ಜೂನ್ 17ರಂದು ಮೊದಲ ಸಲ ಹಾರಿದ ಜೆಟ್. ಅಸಲಿ ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್. ನನ್ನ ಫೋಮ್ ಮಾರುತ್ ಹನ್ನೆರಡರಲ್ಲಿ ಒಂದು ಪಾಲು, 75 ಸೆಂಟಿಮೀಟರ್.

ಜಾಸ್ತಿ ಕಾಡಿದ್ದು ಅದರ ಸೊಂಟ. ರೆಕ್ಕೆ ಸೇರುವ ಕಡೆ ಮೈ ಸಣ್ಣಗಾಗುತ್ತೆ, ವೇಗ ಏರಿದಾಗ ಗಾಳಿಯ ತಡೆ ಕಡಿಮೆಯಾಗಲಿ ಅಂತ. 5 ಮಿಲಿಮೀಟರ್ ಫೋಮ್ ಶೀಟನ್ನು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಮೆಲ್ಲಗೆ ಬಾಗಿಸಬೇಕು. ಎರಡು ಸಲ ಚಟ್ಟನೆ ಮುರಿಯಿತು. ನಿನ್ನೆ ರಾತ್ರಿ ಬಾಗಿತು! ಅದರ ಮೇಲೆ ಕೈಯಾಡಿಸುತ್ತಾ ಸುಮ್ನೆ ಕೂತಿದ್ದೆ. ಈ ಗೆರೆಯನ್ನು ಮೊದಲು ಬೋರ್ಡ್ ಮೇಲೆ ಕೈಯಲ್ಲೇ ಎಳೆದವರು ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕು, ಅಲ್ವಾ?

ಇನ್ನು ಇದು ಹಾರೋಕೆ ಒಳಗೆ ಫ್ಯಾನ್ ಕೂರಿಸಬೇಕು. ಮೂತಿಯಲ್ಲಿ ಬ್ಯಾಟರಿ ಇಟ್ಟು ತೂಕ ಸರಿದೂಗಿಸಬೇಕು.