ಐವರ ಕುಕ್ಕರಿನಲ್ಲಿ ಇಬ್ಬರ ಅಡುಗೆ

ಮೂರು ಕೂಗು ಕೂಗಿಸಿದರೂ ಬೇಳೆ ಬೆಂದಿಲ್ಲ ಎಂಬ ದೂರು ಇಬ್ಬರೇ ಉಳಿದ ಮನೆಗಳಲ್ಲಿ ಜಾಸ್ತಿ. ಮಕ್ಕಳು ಅವರವರ ದಾರಿ ಹಿಡಿದು ವರ್ಷಗಳಾಗಿರುತ್ತವೆ, ಒಲೆಯ ಮೇಲೆ ಮಾತ್ರ ಅದೇ ಐದು ಲೀಟರಿನ ಕುಕ್ಕರ್. ಅಳತೆ ಅರ್ಧ ಮಾಡಿದರೆ ಸಾಕಲ್ಲ ಎಂದುಕೊಳ್ಳುತ್ತೇವೆ. ಸಾಲದು. ಐವರಿಗೆ ಬೇಯಿಸುವಾಗ ಕುಕ್ಕರ್ ಕಾದು ಮೊದಲ ಕೂಗು ಬರುವಷ್ಟರಲ್ಲೇ ಬೇಳೆ ಒಂದಷ್ಟು ಮೆತ್ತಗಾಗಿರುತ್ತಿತ್ತು. ಈಗ ಒಳಗಿರುವುದು ಕಡಿಮೆ, ಬೇಗ ಕಾಯುತ್ತದೆ, ಬೇಗ ಕೂಗುತ್ತದೆ. ಕೂಗಿನ ಲೆಕ್ಕ ಹಳೆಯದೇ, ಬೆಂದ ಹೊತ್ತು ಮಾತ್ರ ಕಡಿಮೆ.

ಆದ್ದರಿಂದ ಕೂಗು ಎಣಿಸುವುದನ್ನು ಬಿಟ್ಟು ಗಡಿಯಾರ ನೋಡುವುದು ಒಳ್ಳೆಯದು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣದು ಮಾಡಿ ಹೊತ್ತು ಹಿಡಿಯಿರಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ 8ರಿಂದ 10 ನಿಮಿಷ, ರಾತ್ರಿಯಿಡೀ ನೆನೆದ ಕಡಲೆಕಾಳಿಗೆ 20 ನಿಮಿಷ. ಆಮೇಲೆ ಉರಿ ಆರಿಸಿ, ಒತ್ತಡ ತಾನಾಗಿಯೇ ಇಳಿಯುವವರೆಗೆ ಬಿಡಿ. ಆ ಹತ್ತು ನಿಮಿಷದಲ್ಲೂ ಬೇಯುತ್ತಲೇ ಇರುತ್ತದೆ. ವೆಯ್ಟ್ ಎತ್ತಿ ಆವಿ ಬಿಡುವ ಅವಸರ ಬೇಡ, ಬಿಸಿ ಆವಿ ಬಡಿಯುವುದು ಮುಂಗೈಗೆ, ಮತ್ತು ವಯಸ್ಸಾದ ಚರ್ಮ ತೆಳು.

ಅಕ್ಕಿಯನ್ನು ದೊಡ್ಡ ಕುಕ್ಕರಿಗೆ ನೇರವಾಗಿ ಹಾಕಿದರೆ ಅಗಲವಾದ ತಳದಲ್ಲಿ ತೆಳ್ಳಗೆ ಹರಡಿ ತಳ ಹಿಡಿಯುತ್ತದೆ. ಒಳಗೊಂದು ಪಾತ್ರೆ ಇಟ್ಟು ಬೇಯಿಸಿ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು, ಅದರ ಮೇಲೆ ತಟ್ಟೆ ಅಥವಾ ಸ್ಟ್ಯಾಂಡ್, ಒಳಪಾತ್ರೆಯಲ್ಲಿ ಅರ್ಧ ಲೋಟ ಅಕ್ಕಿಗೆ ಒಂದು ಲೋಟ ನೀರು. ಹಳೆಯ ಅಕ್ಕಿಯಾದರೆ ಇನ್ನೊಂದು ಕಾಲು ಲೋಟ. ತಳದ ನೀರನ್ನು ಕಡಿಮೆ ಮಾಡುವ ಹಾಗಿಲ್ಲ. ಅಡುಗೆ ಇಬ್ಬರಿಗಾದರೂ ಕುಕ್ಕರಿಗೆ ಬೇಕಾದ ಆವಿ ಅಷ್ಟೇ. ನೀರು ಬತ್ತಿದರೆ ಸೇಫ್ಟಿ ವಾಲ್ವ್ ಕರಗಿಹೋಗುತ್ತದೆ. ಹೊಸದು ಕೊಳ್ಳುವುದಾದರೆ ಎರಡರಿಂದ ಮೂರು ಲೀಟರಿನದು ಸಾಕು. ಅದನ್ನು ಮುಕ್ಕಾಲು ತುಂಬಿಸಬೇಡಿ, ಬೇಳೆಕಾಳಿಗೆ ಅರ್ಧವೇ ಮಿತಿ. ನೊರೆಯೆದ್ದು ಕೂಗುವ ತೂತು ಕಟ್ಟಿಕೊಂಡರೆ ಅಪಾಯ.

ಎಷ್ಟು ಬೇಯಿಸಿದರೂ ಮೆತ್ತಗಾಗದ ಕಾಳಿನ ಕಥೆಯೇ ಬೇರೆ. ಐವರಿದ್ದಾಗ ಐದು ಕೆ.ಜಿ. ಬೇಳೆ ನೋಡನೋಡುತ್ತಲೇ ಖಾಲಿಯಾಗುತ್ತಿತ್ತು, ಈಗ ಅದೇ ಚೀಲ ವರ್ಷಗಟ್ಟಲೆ ಕೂರುತ್ತದೆ. ಸೆಕೆ ಮತ್ತು ತೇವದಲ್ಲಿ ಕೂತ ಕಾಳು ಒಳಗೇ ಗಟ್ಟಿಯಾಗುತ್ತದೆ, ಆಮೇಲೆ ಯಾವ ಕುಕ್ಕರೂ ಅದನ್ನು ಪೂರ್ತಿ ಮಣಿಸದು. ಎರಡು ಮೂರು ತಿಂಗಳಿಗಾಗುವಷ್ಟೇ ತನ್ನಿ. ಡಬ್ಬದ ಮೇಲೆ ತಂದ ತಿಂಗಳು ಬರೆಯಿರಿ. ಹುಳಿ ಮತ್ತು ಟೊಮೆಟೊ ಕಾಳು ಬೆಂದ ಮೇಲೆ ಬೀಳಲಿ, ಮೊದಲೇ ಹಾಕಿದರೆ ಬೇಯುವುದು ನಿಧಾನ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ, ಆದರೆ ಅದೂ ಸೋಡಿಯಮ್ಮೇ. ಬಿಪಿ ಇರುವವರ ಮನೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಉಪ್ಪು. ಇಲ್ಲಿ ಎರಡು ತಪ್ಪು ಒಟ್ಟಿಗೇ ಆಗುತ್ತವೆ. ಮೊದಲನೆಯದು ಪಾತ್ರೆಯದು. ಬಾಯಗಲದ ಪಾತ್ರೆಯಿಂದ ನಿಮಿಷಕ್ಕೆ ಆವಿಯಾಗುವ ನೀರು ಒಳಗೆ ಒಂದು ಲೀಟರ್ ಇದ್ದರೂ ಅರ್ಧ ಲೀಟರ್ ಇದ್ದರೂ ಹೆಚ್ಚುಕಡಿಮೆ ಒಂದೇ. ಎಲ್ಲವನ್ನೂ ಅರ್ಧಕ್ಕಿಳಿಸಿ ಕುದಿಸಿದರೆ ಕೊನೆಗೆ ಉಳಿಯುವ ಸಾರು ಅರ್ಧಕ್ಕಿಂತ ಕಡಿಮೆ, ಉಪ್ಪು ಏರಿರುತ್ತದೆ. 16ರಿಂದ 18 ಸೆಂ.ಮೀ. ಅಗಲದ ಪಾತ್ರೆಗೆ ಬದಲಾಯಿಸಿ, ಮುಚ್ಚಳ ಮುಚ್ಚಿ, ಉಪ್ಪನ್ನು ಕೊನೆಗೆ ಹಾಕಿ.

ಎರಡನೆಯದು ನಾಲಿಗೆಯದು. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ರುಚಿಯ ಬಹುಪಾಲು ಮೂಗಿನದೇ. ಜೊತೆಗೆ ಅಂಗುಳ ಮುಚ್ಚುವ ಹಲ್ಲಿನ ಸೆಟ್ಟು, ಬಾಯಿ ಒಣಗಿಸುವ ಮಾತ್ರೆಗಳು, ಬಾಯಲ್ಲಿ ಲೋಹದ ರುಚಿ ಬಿಡುವ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್. ಸಪ್ಪೆ ಎನಿಸಿ ಇನ್ನೊಂದು ಚಿಟಿಕೆ, ಮತ್ತೊಂದು ಚಿಟಿಕೆ. ಮಕ್ಕಳು ರಜೆಗೆ ಬಂದು ಮೊದಲ ತುತ್ತಿಗೇ ಮುಖ ಹುಳ್ಳಗೆ ಮಾಡಿದಾಗ ತಪ್ಪು ಅವರದಲ್ಲ. ಕೈಯಂದಾಜು ಎಷ್ಟೇ ಪಳಗಿದ್ದರೂ ಈಗ ಚಮಚವೇ ಮೇಲು. ತಲೆ ಸವರಿದ ಒಂದು ಟೀ ಚಮಚ ಪುಡಿಯುಪ್ಪು 5ರಿಂದ 6 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅದೂ ಬ್ರೆಡ್ಡು, ಬಿಸ್ಕೆಟ್ಟು, ಉಪ್ಪಿನಕಾಯಿ ಎಲ್ಲ ಸೇರಿ. ಬೆಳಗ್ಗೆಯೇ ಒಂದೂವರೆ ಚಮಚ ಅಳೆದು ಪುಟ್ಟ ಬಟ್ಟಲಿಗೆ ಹಾಕಿಡಿ. ಇಬ್ಬರ ಇಡೀ ದಿನದ ಅಡುಗೆ ಅದರಲ್ಲೇ ಮುಗಿಯಬೇಕು. ಮೊದಲ ಕೆಲವು ವಾರ ಸಪ್ಪೆ ಎನಿಸುವುದು ಸಹಜ. ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಆ ಕೊರತೆ ಅಷ್ಟಾಗಿ ಕಾಣದು.

ಪ್ಯಾಕೆಟ್ ಮೇಲೆ ‘ಲೋ ಸೋಡಿಯಂ’ ಎಂದು ಬರೆದ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಬಿಪಿ ಇದೆಯೆಂದು ಆ ಉಪ್ಪು ತರುವವರೇ ಈ ಮಾತ್ರೆಗಳನ್ನೂ ನುಂಗುವವರು, ಹಾಗಾಗಿ ಡಾಕ್ಟರನ್ನು ಕೇಳುವುದು ತಪ್ಪಬಾರದು.

ಮಿಕ್ಕ ಅನ್ನದ ವಿಷಯದಲ್ಲೂ ಮೂಗನ್ನು ನಂಬುವ ಹಾಗಿಲ್ಲ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗದು, ವಾಸನೆಯೂ ಬಾರದು. ಪಾತ್ರೆಯಲ್ಲೇ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಆದ್ದರಿಂದ ಅಗಲ ತಟ್ಟೆಗೆ ಹರಡಿ, ಬಿಸಿ ಹೋದೊಡನೆ ಡಬ್ಬಕ್ಕೆ ಹಾಕಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನ ಒಮ್ಮೆ ಮಾತ್ರ, ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಬಹುದು. ಆಮೇಲೂ ಉಳಿದರೆ ಎಸೆಯಿರಿ. ಅನ್ನ ಎಸೆಯುವುದೆಂದರೆ ಕರುಳು ಚುರ್ ಎನ್ನುತ್ತದೆ, ಹೌದು. ಆದರೆ ಎಪ್ಪತ್ತು ದಾಟಿದವರಿಗೆ ಒಂದು ರಾತ್ರಿಯ ವಾಂತಿಭೇದಿ ಎಂದರೆ ನೀರಿಲ್ಲದೆ ಸೊರಗಿ, ತಲೆಸುತ್ತಿ ಬೀಳುವವರೆಗೂ ಹೋಗಬಹುದು. ಬೇಯಿಸಿದ ಕಾಳು ಮಾತ್ರ ಫ್ರೀಜರಿನಲ್ಲಿ ಚೆನ್ನಾಗಿಯೇ ಇರುತ್ತದೆ. ಒಂದು ಹೊತ್ತಿಗಾಗುವಷ್ಟನ್ನು ಬೇರೆಬೇರೆ ಡಬ್ಬಗಳಲ್ಲಿ ಕಟ್ಟಿ ತಾರೀಕು ಬರೆದಿಟ್ಟರೆ ಅಡುಗೆ ಮಾಡುವವರಿಗೇ ಜ್ವರ ಬಂದ ದಿನ ಕೈಹಿಡಿಯುತ್ತದೆ.

ಹೆಬ್ಬೆರಳ ಬುಡದ ನೋವು ಅಡುಗೆಮನೆಯಲ್ಲೇ ಹೆಚ್ಚಾಗುವುದಕ್ಕೆ ಕಾರಣವಿದೆ. ತುದಿಬೆರಳಲ್ಲಿ ಚಿವುಟಿ ಹಿಡಿದ ಬಲ ಬುಡದ ಕೀಲಿಗೆ ಹತ್ತು ಪಟ್ಟಿಗೂ ಹೆಚ್ಚಾಗಿ ತಟ್ಟುತ್ತದೆ. ತೆಳು ಹಿಡಿಯ ಚಾಕು, ಬಿಗಿ ಮುಚ್ಚಳದ ಶೀಶೆ, ಇಕ್ಕಳದಲ್ಲಿ ಹಿಡಿದ ಭಾರದ ಪಾತ್ರೆ, ಮೂರೂ ಆ ಕೀಲಿಗೆ ಆಗದವು. ಚಾಕುವಿನ ಹಿಡಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಸುತ್ತಿ ದಪ್ಪ ಮಾಡಿ. ಮೊಂಡು ಚಾಕು ಹರಿತದ್ದಕ್ಕಿಂತ ಹೆಚ್ಚು ಬಲ ಕೇಳುತ್ತದೆ, ಜಾರುವುದೂ ಅದೇ. ಹೆಚ್ಚುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಅಲುಗದು, ಎಡಗೈ ಒತ್ತಿ ಹಿಡಿಯುವ ಕೆಲಸ ತಪ್ಪುತ್ತದೆ. ಶೀಶೆಯ ಮುಚ್ಚಳದಂಚಿಗೆ ಚಮಚದ ತುದಿ ಸಿಕ್ಕಿಸಿ ಮೀಟಿ. ‘ಟಕ್’ ಎಂದು ಗಾಳಿ ಒಳಹೋದರೆ ಮತ್ತೆ ಮಗುವೂ ತಿರುಗಿಸಬಹುದು. ತುಂಬಿದ ಪಾತ್ರೆಯನ್ನು ಎತ್ತಿ ಬಗ್ಗಿಸುವ ಬದಲು ಸೌಟಿನಿಂದ ಬಗ್ಗಿಸಿಕೊಳ್ಳಿ. ತಡವಾಗುತ್ತದೆ, ಆಗಲಿ.

ಆದರೂ ಕೈ ಸುಟ್ಟುಕೊಂಡರೆ ನಲ್ಲಿಯ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ಕೈ ತೆಗೆದರೆ ಚರ್ಮದೊಳಗಿನ ಬಿಸಿ ಹಾಗೇ ಉಳಿದಿರುತ್ತದೆ. ಉಂಗುರ, ಬಳೆ ಬಾವು ಬರುವ ಮುಂಚೆಯೇ ತೆಗೆದುಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಮಂದವಾದವರು ಬಿಸಿಯನ್ನು ಬೆರಳಿಂದ ಮುಟ್ಟಿ ನೋಡುವ ಅಭ್ಯಾಸವನ್ನೇ ಬಿಡಬೇಕು.

ಊಟ ಮಾಡಿ ಎದ್ದೊಡನೆ ಕಣ್ಣು ಕತ್ತಲೆ ಕಟ್ಟುವುದು ಬರೀ ನಿಶ್ಶಕ್ತಿಯಲ್ಲ. ಉಂಡ ಮೇಲೆ ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ, ವಯಸ್ಸಾದವರಲ್ಲಿ ಎರಡು ಗಂಟೆಯವರೆಗೂ ಬಿಪಿ ಇಳಿಯಬಹುದು, ಹೊಟ್ಟೆತುಂಬ ಅನ್ನ ಉಂಡ ದಿನ ಇನ್ನೂ ಹೆಚ್ಚು. ಮಧ್ಯಾಹ್ನದ ಊಟವನ್ನು ಎರಡಾಗಿ ಒಡೆಯಿರಿ. ಉಂಡ ಮೇಲೆ ಸ್ಟೂಲ್ ಹತ್ತಿ ಅಟ್ಟದ ಡಬ್ಬ ಇಳಿಸುವ ಕೆಲಸ ಬೇಡವೇ ಬೇಡ. ಏಳುವ ಮುನ್ನ ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಹದಿನೈದು ಸಲ ಆಡಿಸಿ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಐದು ನಿಮಿಷ ಕೂತು ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ಎರಡೂ ಅಂಕಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಮಾತ್ರೆಗೂ ಒಲೆಗೂ ಸಂಬಂಧವಿದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಅದರಿಂದ ನಾಲ್ಕು ಗಂಟೆ ದೂರ, ಇಲ್ಲವಾದರೆ ಥೈರಾಯ್ಡಿನದು ಮೈಗೆ ಹತ್ತದು. ಎದೆಯುರಿಯ ಪ್ಯಾಂಟೊಪ್ರಝೋಲ್ ತಿಂಡಿಗೆ ಅರ್ಧ ಗಂಟೆ ಮೊದಲು, ಮೆಟ್‌ಫಾರ್ಮಿನ್ ಊಟದ ಜೊತೆಗೆ. ಇಸಬ್‌ಗೋಲ್ ತುಂಬು ಲೋಟ ನೀರಿನಲ್ಲಿ, ಬೇರೆ ಮಾತ್ರೆಗಳಿಂದ ಎರಡು ಗಂಟೆ ಬಿಟ್ಟು. ನೀರು ಕಡಿಮೆಯಾದರೆ ಅದೇ ಗಂಟಲಲ್ಲಿ ಉಬ್ಬಿ ಕೂರುತ್ತದೆ. ಮಂಡಿನೋವೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ದಿನವೂ ನುಂಗುವುದು, ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ಇರುವವರಲ್ಲಿ, ಮೂತ್ರಪಿಂಡಕ್ಕೆ ನೇರ ಪೆಟ್ಟು.

ಒಲೆಯ ಮುಂದೆ ಎಂದೂ ನಿಲ್ಲದ ಯಜಮಾನರು ನಿವೃತ್ತಿಯಾದ ಮೇಲೆ ‘ಸಹಾಯ’ಕ್ಕೆ ಬಂದರೆ ಇಬ್ಬರಿಗೂ ಸಿಟ್ಟು. ತರಕಾರಿ ಹೆಚ್ಚಿಸಿ, ಹೆಚ್ಚಿದ್ದು ಸರಿಯಿಲ್ಲವೆನ್ನುವುದರಲ್ಲೇ ಹೊತ್ತು ಹೋಗುತ್ತದೆ. ಅದರ ಬದಲು ಒಂದು ಹೊತ್ತಿನ ಅಡುಗೆಯನ್ನು, ರಾತ್ರಿಯದು ಎನ್ನಿ, ಪೂರ್ತಿ ಅವರಿಗೇ ಬಿಟ್ಟುಕೊಟ್ಟು ಈಚೆ ಬಂದುಬಿಡಿ. ಡಬ್ಬಗಳ ಮೇಲೆ ಹೆಸರು ಬರೆದಿರಲಿ, ದಿನಬಳಕೆಯವು ಸೊಂಟದಿಂದ ಭುಜದ ಎತ್ತರದೊಳಗೇ ಇರಲಿ. ಒಬ್ಬರ ಮಾತ್ರೆಗಳ ಹೊತ್ತು ಇನ್ನೊಬ್ಬರಿಗೂ ಬಾಯಿಗೆ ಬರುವಂತಿರಲಿ.

ಮಕ್ಕಳು ಮೊಮ್ಮಕ್ಕಳು ಬರುವ ಹಿಂದಿನ ದಿನ ಎರಡು ಕೆಲಸ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಬೆರಳಿಗೆ ಸುಲಭವಾಗಿ ತೆರೆಯಲೆಂದೇ ಮಾಡಿದ್ದು, ಎರಡು ವರ್ಷದ ಮಗುವಿಗೂ ಅಷ್ಟೇ ಸುಲಭ. ಮೇಜಿನ ಮೇಲಿಂದ ಎತ್ತಿ ಬೀಗದೊಳಗಿಡಿ, ಹಾಸಿಗೆ ಪಕ್ಕದ್ದನ್ನೂ ಸೇರಿಸಿ. ಆಮೇಲೆ ಆ ದೊಡ್ಡ ಕುಕ್ಕರ್ ಇಳಿಸಿ. ತಿಂಗಳುಗಟ್ಟಲೆ ಒಣಗಿ ಕೂತ ಗ್ಯಾಸ್ಕೆಟ್ಟನ್ನು ಬೆರಳಿಂದ ಮಡಚಿ ನೋಡಿ, ಬಿರುಕು ಕಂಡರೆ ಹೊಸದೇ ಬೇಕು. ವೆಯ್ಟ್ ಕೂರುವ ನಳಿಕೆಯನ್ನು ಬೆಳಕಿಗೆ ಹಿಡಿದರೆ ಆಚೆಬದಿ ಕಾಣಬೇಕು. ಎರಡು ಲೋಟ ನೀರು ಹಾಕಿ ಬರಿದೇ ಒಮ್ಮೆ ಕೂಗಿಸಿ. ಅಂಚಿನಿಂದ ಆವಿ ಸೋರುತ್ತಾ ಕೂಗೇ ಬಾರದಿದ್ದರೆ ಗ್ಯಾಸ್ಕೆಟ್ ತರಲು ಇನ್ನೂ ಒಂದು ದಿನ ಕೈಯಲ್ಲಿರುತ್ತದೆ.