ಎಳೆದದ್ದು ಸರಿ, ಯಾವ ಎಳೆತ?

ಮಳೆಗಾಲ ಶುರುವಾದರೆ ಕೊಡಗಿನಲ್ಲಿ ಇನ್ಶೂರೆನ್ಸ್ ಕ್ಲೈಮ್ ಬರೆಯುವವರಿಗೆ ಪುರುಸೊತ್ತಿಲ್ಲ. ಸಂಪಾಜೆ ಘಾಟಿಯಲ್ಲಿ ಕಾರು ಚರಂಡಿಗಿಳಿದಿರುತ್ತದೆ, ಫಾರ್ಮಿನಲ್ಲಿ ಹೀಗೊಂದು ವಾಕ್ಯ: 'ದ ಕಾರ್ ಸ್ಲಿಪ್ಡ್ ಅಂಡ್ ಅ ಜೀಪ್ ಡ್ರ್ಯಾಗ್ಡ್ ಇಟ್ ಟು ಮಡಿಕೇರಿ.' ಬರೆದವರ ತಲೆಯಲ್ಲಿದ್ದದ್ದು 'ಕಾರು ಜಾರಿತು, ಜೀಪು ಎಳೆದುಕೊಂಡು ಹೋಯಿತು' ಎಂಬ ಸರಳ ಸಂಗತಿ. ಇಂಗ್ಲಿಷ್ ಓದುವವನಿಗೆ ಕಾಣುವ ಚಿತ್ರವೇ ಬೇರೆ. ಕಾರು ಚಕ್ರ ತಿರುಗದೆ, ಹೊಟ್ಟೆ ಉಜ್ಜಿಕೊಂಡು ಮಡಿಕೇರಿಯವರೆಗೆ ಬಂತು ಅಂತ ಅವನು ತಿಳಿಯುತ್ತಾನೆ. ಕಾರಿನ ಅಡಿಭಾಗ ಜಖಂ ಆಗಿದ್ದರೆ, ಅದು ಚರಂಡಿಯಲ್ಲಿ ಆದದ್ದೋ ಎಳೆಯುವಾಗ ಆದದ್ದೋ ಎಂಬ ಪ್ರಶ್ನೆಯನ್ನು ನಾವೇ ಕರೆದು ಕೂರಿಸಿದ ಹಾಗೆ. ಅಲ್ಲಿ ಬೇಕಿದ್ದದ್ದು 'ಟೋ', ಅಂದರೆ ಚಕ್ರದ ಮೇಲೆ ಉರುಳಿಸಿಕೊಂಡು ಎಳೆದೊಯ್ಯುವುದು. 'ಸ್ಲಿಪ್' ಜಾಗದಲ್ಲಿ 'ಸ್ಕಿಡ್' ಬರಬೇಕಿತ್ತು.

ಕನ್ನಡದಲ್ಲಿ ಪದಗಳಿಗೆ ಬರವಿದೆ ಅಂತಲ್ಲ. ಎಳೆ, ಸೆಳೆ, ಜಗ್ಗು, ಕೀಳು, ನೂಕು, ತಳ್ಳು, ದಬ್ಬು, ಒತ್ತು, ತುರುಕು, ತಿವಿ ಎಲ್ಲ ಇವೆ. ಆದರೆ ದಿನದ ಮಾತಿನಲ್ಲಿ ನಾವು ಎರಡು ಮೂರು ಕ್ರಿಯಾಪದಗಳಲ್ಲೇ ಕೆಲಸ ಸಾಗಿಸಿ, ಹೇಗೆ ಎಂಬುದನ್ನು ಅನುಕರಣ ಪದಕ್ಕೆ ಬಿಡುತ್ತೇವೆ: ದರದರ ಎಳೆದ, ಸರ್ರನೆ ಎಳೆದ, ಫಟ್ಟನೆ ಎಳೆದ. ಇಂಗ್ಲಿಷ್ ಆ 'ದರದರ', 'ಸರ್ರನೆ'ಗಳನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ದರದರ ಎಳೆದರೆ ಡ್ರ್ಯಾಗ್, ಸರ್ರನೆ ನಯವಾಗಿ ಸೆಳೆದರೆ ಡ್ರಾ, ಫಟ್ಟನೆ ಕಿತ್ತರೆ ಯ್ಯಾಂಕ್. ಹಾಗಾಗಿ ಇಂಗ್ಲಿಷ್ ಪದ ಹುಡುಕುವಾಗ ಕನ್ನಡದ ಕ್ರಿಯಾಪದ ನೋಡಿ ಪ್ರಯೋಜನವಿಲ್ಲ, ಅದರ ಹಿಂದೆ ಬಾಯಿಗೆ ಬರುವ ಅನುಕರಣ ಪದ ನೋಡಬೇಕು. ನಿಘಂಟಿನಲ್ಲಿ ಇವಕ್ಕೆಲ್ಲ 'ಎಳೆ' ಎಂದೇ ಅರ್ಥ ಕೊಟ್ಟಿರುವುದರಿಂದ ಅಲ್ಲಿಂದ ಸಿಗುವ ಸಹಾಯ ಕಡಿಮೆ.

ಇನ್ನೊಂದು ಪರೀಕ್ಷೆ ಇದೆ, ನನ್ನ ಪ್ರಕಾರ ಅದೇ ಮುಖ್ಯ. ವಾಕ್ಯದ ಕೊನೆಗೆ 'ಆದರೆ ಜರುಗಲಿಲ್ಲ' ಎಂದು ಸೇರಿಸಿ ನೋಡಿ. ಪುಶ್, ಪುಲ್, ಟಗ್, ಪ್ರೆಸ್ ಜೊತೆ ಇದು ಸಲೀಸಾಗಿ ಕೂರುತ್ತದೆ. ನಾಲ್ಕು ಜನ ಜೀಪನ್ನು 'ಪುಶ್' ಮಾಡಬಹುದು, ಜೀಪು ಕದಲದೇ ಇರಬಹುದು. ಇವು ಬಲದ ಪದಗಳು, ಚಲನೆಗೆ ಗ್ಯಾರಂಟಿ ಕೊಡುವುದಿಲ್ಲ. ಡ್ರ್ಯಾಗ್, ಹಾಲ್ (ಭಾರ ಸಾಗಿಸುವುದು), ಟೋ ಹಾಗಲ್ಲ. ವಸ್ತು ಜಾಗ ಬಿಟ್ಟಿದ್ದರೆ ಮಾತ್ರ ಅವು ಸಲ್ಲುತ್ತವೆ. 'ಡ್ರ್ಯಾಗ್ ಮಾಡಿದೆ, ಆದರೆ ಜರುಗಲಿಲ್ಲ' ಎಂದರೆ ಇಂಗ್ಲಿಷ್ ಕಿವಿಗೆ ಅಪಸ್ವರ. ಬರೀ ಪ್ರಯತ್ನ ಹೇಳಬೇಕಾದಾಗ ಬಲದ ಪದಗಳ ಮುಂದೆ 'ಆ್ಯಟ್' ಬರುತ್ತದೆ. 'ಪುಲ್ಡ್ ದ ರೋಪ್' ಎಂದರೆ ಹಗ್ಗ ಎಳೆದ, ಬಂದಿರಲೂಬಹುದು. 'ಪುಲ್ಡ್ ಆ್ಯಟ್ ದ ರೋಪ್' ಎಂದರೆ ಹಿಡಿದು ಎಳೆದು ನೋಡಿದ, ಅಷ್ಟೆ. 'ಟೋ'ಗೆ ಈ 'ಆ್ಯಟ್' ಹಚ್ಚಲು ಬರುವುದಿಲ್ಲ.

ಮಾಂದಲಪಟ್ಟಿ ದಾರಿಯ ಕೆಸರಿನಲ್ಲಿ ಹೂತ ಗಾಡಿಯನ್ನೇ ತೆಗೆದುಕೊಳ್ಳಿ, ಈ ಪದಗಳ ಗಡಿ ಅಲ್ಲಿ ಕಣ್ಣಿಗೇ ಕಾಣುತ್ತದೆ. ಮೊದಲು ಚಕ್ರದ ಮುಂದಿನ ಕೆಸರು ತೋಡಿ, ಕಲ್ಲು ಅಥವಾ ಸೊಪ್ಪು ಹಾಕಿ, ಹಿಂದಿನಿಂದ 'ಪುಶ್' ಮಾಡುತ್ತಾರೆ. ಬರಲಿಲ್ಲ ಎಂದರೆ ಗಾಡಿ ಎಳೆಯುವ ಪಟ್ಟಿ (ಸ್ಟ್ರ್ಯಾಪ್) ಹೊರಗೆ ಬರುತ್ತದೆ, ಎಡವಟ್ಟು ಆಗುವುದೂ ಇಲ್ಲೇ. ಟೋ ಸ್ಟ್ರ್ಯಾಪ್ ಸಾಮಾನ್ಯವಾಗಿ ಪಾಲಿಯೆಸ್ಟರಿನದು, ಹಿಗ್ಗುವುದು ತೀರಾ ಕಡಿಮೆ. ಚಕ್ರದ ಮೇಲೆ ಉರುಳುವ ಗಾಡಿಯನ್ನು ಒಂದೇ ಸಮ ಕರೆದೊಯ್ಯಲು ಮಾಡಿದ್ದು ಅದು, ಹೆಸರಿನಲ್ಲೇ 'ಟೋ' ಇದೆ. ಸ್ನ್ಯಾಚ್ ಸ್ಟ್ರ್ಯಾಪ್ ನೈಲಾನಿನದು, ಭಾರ ಬಿದ್ದಾಗ ಉದ್ದದ ಶೇ. 20ರಷ್ಟೋ ಅದಕ್ಕಿಂತ ಹೆಚ್ಚೋ ಹಿಗ್ಗುತ್ತದೆ. ಎಳೆಯುವ ಜೀಪು ಸ್ವಲ್ಪ ಸಡಿಲ ಬಿಟ್ಟುಕೊಂಡು ಮುಂದೆ ಹೋಗಿ ಪಟ್ಟಿಯನ್ನು ಹಿಗ್ಗಿಸುತ್ತದೆ. ಪಟ್ಟಿ ಮತ್ತೆ ಕುಗ್ಗುವಾಗ ಹೂತ ಗಾಡಿ ಕಿತ್ತು ಬರುತ್ತದೆ. ಇದು 'ಸ್ನ್ಯಾಚ್', ಗಬಕ್ಕನೆ ಕಿತ್ತುಕೊಳ್ಳುವುದು. ಹಿಗ್ಗದ ಟೋ ಸ್ಟ್ರ್ಯಾಪನ್ನೋ ಸರಪಳಿಯನ್ನೋ ಕಟ್ಟಿ ಅದೇ ಥರ ಓಡಿಸಿದರೆ ಆಗುವುದು 'ಜರ್ಕ್'. ಇಡೀ ಬಲ ಒಂದೇ ಕ್ಷಣದಲ್ಲಿ ಕೊಕ್ಕೆಯ ಮೇಲೆ ಬೀಳುತ್ತದೆ, ಕೊಕ್ಕೆ ಮುರಿದು ಹಾರಿದರೆ ಗಾಜು ಒಡೆದು ಒಳಗೆ ಕೂತವರಿಗೇ ತಗಲುತ್ತದೆ. ಟ್ರೇಲರ್ ಸಿಕ್ಕಿಸುವ ಗುಂಡಿಗೆ, ಅಂದರೆ ಟೋ ಬಾಲಿಗೆ, ಎಂದೂ ಕಟ್ಟಬಾರದು, ಚಾಸಿಗೆ ಸೇರಿದ ಕೊಕ್ಕೆಗೇ ಕಟ್ಟಬೇಕು. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಬೇಕು, ಅಕ್ಕಪಕ್ಕ ಯಾರೂ ನಿಲ್ಲಬಾರದು. ವಿಂಚ್ (ಡ್ರಮ್ಮಿಗೆ ತಂತಿ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ) ಇದ್ದರೆ ಜರ್ಕಿನ ಮಾತೇ ಬೇಡ, ಅದು ನಿಧಾನದ ಒಂದೇ ಸಮದ ಪುಲ್. ದಪ್ಪ ಮರದ ಬುಡಕ್ಕೆ ಅಗಲ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಹಾಕಬೇಕು, ಡ್ರಮ್ಮಿನ ಮೇಲೆ ಕನಿಷ್ಠ ಐದು ಸುತ್ತು ತಂತಿ ಉಳಿದಿರಬೇಕು. ಇಂಗ್ಲಿಷಿನಲ್ಲಿ 'ವಿಂಚ್' ಕ್ರಿಯಾಪದವೂ ಹೌದು: 'ದೆ ವಿಂಚ್ಡ್ ಇಟ್ ಔಟ್'. ಇನ್ಶೂರೆನ್ಸ್ ಸರ್ವೇಯರಿಗೆ ಆ ಒಂದು ಪದ ಸಾಕು.

ಜರ್ಕ್, ಯ್ಯಾಂಕ್ ಎರಡೂ ಹಠಾತ್ತಾದವೇ. ಯ್ಯಾಂಕ್ ಬೇಕೆಂದೇ ಮಾಡುವುದು, ಕೈಯಲ್ಲಿ ಹಿಡಿದು. ಜರ್ಕ್ ತಾನಾಗಿಯೂ ಆಗಬಹುದು, ಬಸ್ಸು 'ಜರ್ಕ್' ಹೊಡೆಯಲು ಡ್ರೈವರ್ ಸಿಟ್ಟಾಗಿರಬೇಕು ಅಂತೇನಿಲ್ಲ.

'ಹಾಲ್'ನಲ್ಲಿ ಭಾರ ಮತ್ತು ದೂರ ಎರಡೂ ಇವೆ. ದಿಮ್ಮಿಯನ್ನು ಕಾಡಿನಿಂದ ರಸ್ತೆಗೆ ಆನೆ 'ಡ್ರ್ಯಾಗ್' ಮಾಡುತ್ತದೆ, ಏಕೆಂದರೆ ದಿಮ್ಮಿ ನೆಲ ಉಜ್ಜುತ್ತದೆ. ಅಲ್ಲಿಂದ ಲಾರಿ ಡಿಪೋಗೆ 'ಹಾಲ್' ಮಾಡುತ್ತದೆ, ಅಲ್ಲಿ ನೆಲ ಉಜ್ಜುವ ಪ್ರಶ್ನೆಯೇ ಇಲ್ಲ. ಐವತ್ತು ಕೆಜಿ ಕಾಫಿ ಚೀಲವನ್ನು ಇಬ್ಬರು ಹಿಡಿದು 'ಐಸಾ' ಎಂದು ಲಾರಿಗೆ ಎತ್ತಿಹಾಕಿದರೆ ಅದು 'ಹೀವ್', ಒಂದೇ ದಮ್ಮಿನ ಮೇಲ್ಮುಖ ಬಲ. ಅದೇ ಚೀಲವನ್ನು ಒಬ್ಬನೇ ಏದುಸಿರು ಬಿಡುತ್ತಾ ಹೊತ್ತೋ ಎಳೆದೋ ಗೋದಾಮಿಗೆ ಸಾಗಿಸಿದರೆ 'ಲಗ್'.

ಕೆಸರುಗದ್ದೆ ಆಟಗಳ ಹಗ್ಗಜಗ್ಗಾಟ ನೋಡಿದವರಿಗೆ 'ಟಗ್' ವಿವರಿಸಬೇಕಾಗಿಲ್ಲ, 'ಜಗ್ಗು' ಅದಕ್ಕೆ ಹೇಳಿ ಮಾಡಿಸಿದ ಪದ. ಗಟ್ಟಿಯಾಗಿ, ಬಿಟ್ಟು ಬಿಟ್ಟು, ಎದುರಿನಿಂದ ವಿರೋಧ ಇರುವಾಗ ಎಳೆಯುವುದು ಟಗ್. 1900ರಿಂದ 1920ರವರೆಗೆ ಒಲಿಂಪಿಕ್ಸಿನಲ್ಲೂ ಇದ್ದ ಆಟ ಅದು. ಅಂತರರಾಷ್ಟ್ರೀಯ ನಿಯಮದಲ್ಲಿ ತಂಡಕ್ಕೆ ಎಂಟು ಜನ, ಹಗ್ಗದ ಸುತ್ತಳತೆ 10ರಿಂದ 12.5 ಸೆಂ.ಮೀ., ಉದ್ದ ಕನಿಷ್ಠ 33.5 ಮೀ. ನಡುವಿನ ಗುರುತಿನಿಂದ ಎರಡೂ ಕಡೆ ನಾಲ್ಕು ಮೀಟರಿಗೆ ಒಂದೊಂದು ಗುರುತು. ಎದುರಾಳಿಯ ಗುರುತು ನೆಲದ ಗೆರೆ ದಾಟಿದರೆ ಆ ಸುತ್ತು ನಿಮ್ಮದು. ಆ ಒಂದು ಸುತ್ತಿಗೆ ಇಂಗ್ಲಿಷಿನಲ್ಲಿ 'ಅ ಪುಲ್' ಎಂದೇ ಹೆಸರು. ರೆಫರಿಯ ಆಜ್ಞೆಗಳನ್ನು ಕೇಳಿಸಿಕೊಳ್ಳಬೇಕು. 'ಪಿಕ್ ಅಪ್ ದ ರೋಪ್' ಎಂದರೆ ಎತ್ತಿಕೊಳ್ಳಿ. 'ಟೇಕ್ ದ ಸ್ಟ್ರೇನ್' ಎಂದರೆ ಹಗ್ಗ ಬಿಗಿಯಾಗುವಷ್ಟು ಮಾತ್ರ ಬಲ ಹಾಕಿ. 'ಸ್ಟೆಡಿ' ಎಂದಾಗ ನಡುಗುರುತು ಗೆರೆಯ ಮೇಲೆ ಅಲುಗಾಡದೆ ನಿಂತಿರಬೇಕು. ಆಮೇಲೇ 'ಪುಲ್'. ನಮ್ಮ ಕಡೆಯ ಹುಡುಗರು ಸೋಲುವುದು ಎರಡನೆಯ ಮಾತಿಗೇ ಪೂರ್ತಿ ಎಳೆಯಲು ಹೋಗಿ, ಪಾದ ಊರುವ ಮೊದಲೇ ದಮ್ಮು ಖಾಲಿ ಮಾಡಿಕೊಂಡು. ಇಲ್ಲಿಯ 'ಸ್ಟ್ರೇನ್' ಪಿಯುಸಿ ಭೌತಶಾಸ್ತ್ರದ ಸ್ಟ್ರೇನ್ ಅಲ್ಲ ಎಂಬುದೂ ಗಮನದಲ್ಲಿರಲಿ. ಅಲ್ಲಿ ಅದು ಉದ್ದದಲ್ಲಾದ ಬದಲಾವಣೆಯ ಅನುಪಾತ, ಇಲ್ಲಿ ಬರೀ ಬಿಗಿತ.

ತಳ್ಳುವ ಕಡೆ ವ್ಯತ್ಯಾಸಗಳು ಇಷ್ಟು ಬಿಗಿಯಾಗಿಲ್ಲ. ಪ್ರೆಸ್ ಎಂದರೆ ಒತ್ತು, ವಸ್ತು ದೂರ ಹೋಗಬೇಕಿಲ್ಲ. ಶವ್ ಎಂದರೆ ದಬ್ಬು, ಒರಟುತನ ಅದರೊಳಗೇ ಇದೆ. ಬಸ್ ಸ್ಟ್ಯಾಂಡಿನಲ್ಲಿ 'ಹಿ ಪುಶ್ಡ್ ಮಿ' ಎಂದರೆ ದೂರು, 'ಹಿ ಶವ್ಡ್ ಮಿ' ಎಂದರೆ ಜಗಳ. ಕೋಲಿನ ತುದಿಯಿಂದಾದರೆ ಪ್ರಾಡ್, ಮೊಣಕೈಯಿಂದ ಮೆಲ್ಲಗಾದರೆ ನಡ್ಜ್. ಮಾವುತ ಕಿವಿಯ ಹಿಂದೆ ಕಾಲ್ಬೆರಳಿನಿಂದ ಆನೆಗೆ ಕೊಡುವ ಸೂಚನೆಯೂ ನಡ್ಜೇ. ತೋಟದವರು ಎಚ್ಚರ ವಹಿಸಬೇಕಾದ್ದು ಆನೆ ಹಾವಳಿಯ ಅರ್ಜಿಯಲ್ಲಿ. ಆನೆ ಬೈನೆ ಮರಕ್ಕೆ ಹಣೆ ಕೊಟ್ಟು ಒತ್ತಿ ಬೀಳಿಸಿದ್ದರೆ 'ಪುಶ್ಡ್ ಓವರ್'. ಓಡುವಾಗ ಗಿಡಕ್ಕೆ ಡಿಕ್ಕಿಯಾಗಿ ಅದು ಬಿದ್ದಿದ್ದರೆ 'ನಾಕ್ಡ್ ಡೌನ್'. ಬೇರು ಸಮೇತ ಬಂದಿದ್ದರೆ ಮಾತ್ರ 'ಅಪ್‌ರೂಟೆಡ್', ನಡುವೆ ಲಟಕ್ಕನೆ ಮುರಿದಿದ್ದರೆ 'ಸ್ನ್ಯಾಪ್ಡ್'. ಮುರಿದು ನಿಂತ ಮರದ ಫೋಟೋ ಅಂಟಿಸಿ ಕೆಳಗೆ 'ಅಪ್‌ರೂಟೆಡ್' ಎಂದು ಬರೆದರೆ ಫೋಟೋ ಒಂದು ಹೇಳುತ್ತದೆ, ಅರ್ಜಿ ಇನ್ನೊಂದು ಹೇಳುತ್ತದೆ.

'ಜಾರು' ಪದವನ್ನು ಇಂಗ್ಲಿಷ್ ಮೂರಾಗಿ ಒಡೆಯುತ್ತದೆ. ಸ್ಲಿಪ್ ಚಿಕ್ಕದು, ಅನಿರೀಕ್ಷಿತ, ಸಾಮಾನ್ಯವಾಗಿ ಕಾಲಿನದು: ಪಾಚಿಗಟ್ಟಿದ ಮೆಟ್ಟಿಲ ಮೇಲೆ ಆಗುವುದು. ಸ್ಲೈಡ್ ಉದ್ದದ್ದು, ಮೇಲ್ಮೈ ಬಿಡದೆ ಸಾಗುವುದು. ಸ್ಕಿಡ್ ಓಡುವ ಗಾಡಿಯ ಚಕ್ರ ಹಿಡಿತ ತಪ್ಪಿದಾಗಿನದು. ನಿಂತ ಕಾರು ಹ್ಯಾಂಡ್‌ಬ್ರೇಕ್ ಸಡಿಲವಾಗಿ ಹಿಂದೆ ಹೋದರೆ ಜಾರಿತು ಎನ್ನುತ್ತೇವಲ್ಲ, ಅದು ಇವ್ಯಾವುದೂ ಅಲ್ಲ, 'ರೋಲ್ಡ್ ಬ್ಯಾಕ್'. ಬರೀ 'ರೋಲ್ಡ್' ಎಂದರೆ ಪಲ್ಟಿ ಹೊಡೆಯಿತು ಎಂಬ ಅರ್ಥವೂ ಬರುವುದರಿಂದ 'ಬ್ಯಾಕ್' ಬಿಡಬಾರದು. ಪಲ್ಟಿಗೆ 'ಓವರ್‌ಟರ್ನ್ಡ್' ಸಾಕು. ನಮ್ಮ ಇಂಗ್ಲಿಷ್ ಪತ್ರಿಕೆಗಳ 'ಟರ್ನ್ಡ್ ಟರ್ಟಲ್' ಮೂಲತಃ ಮಗುಚಿದ ಹಡಗಿಗೆ ಹೇಳುವ ಮಾತು. ಬಸ್ಸಿಗೆ ಯಾಕೆ ಅಷ್ಟು ಪ್ರೀತಿಯಿಂದ ಹಚ್ಚುತ್ತಾರೋ!

2018ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದಮೇಲೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಮೇಲೆ, ಇಲ್ಲಿ ಎಲ್ಲರ ಬಾಯಲ್ಲೂ ಇರುವ ಪದ 'ಲ್ಯಾಂಡ್‌ಸ್ಲೈಡ್'. ನಾವು ಬರೆ (ಕಡಿದಾದ ಮಣ್ಣಿನ ಬದಿ) ಕುಸಿತ, ಗುಡ್ಡ ಕುಸಿತ ಎನ್ನುವಾಗ ಗಾತ್ರ ಹೇಳುತ್ತೇವೆ. ಭೂವಿಜ್ಞಾನದ ಇಂಗ್ಲಿಷ್ ಚಲನೆಯ ಬಗೆ ಹೇಳುತ್ತದೆ. ರಸ್ತೆ ಬದಿಯ ಕಡಿದಾದ ಬರೆಯಿಂದ ಬಂಡೆ ಗಾಳಿಯಲ್ಲಿ ಬಿದ್ದರೆ ಫಾಲ್. ಮಣ್ಣಿನ ಪದರ ಒಂದು ಮೈಯ ಮೇಲೆ ಜಾರಿದರೆ ಸ್ಲೈಡ್. ಆ ಮೈ ಚಮಚದ ಹಾಗೆ ಬಾಗಿದ್ದು, ಜಾರಿದ ಭಾಗದ ತಲೆ ಹಿಂದಕ್ಕೆ ವಾಲಿದ್ದರೆ ಸ್ಲಂಪ್. ನೀರು ಕುಡಿದ ಮಣ್ಣು, ಕಲ್ಲು, ಮರ ಕಲಸಿ ಹೊಳೆಯಂತೆ ಹರಿದರೆ ಫ್ಲೋ. ಇದೇ ಹೆಚ್ಚು ದೂರ ಹೋಗುವುದು, ಗುಡ್ಡದಿಂದ ದೂರವಿದ್ದ ಮನೆಗೂ ಬರುವುದು. ಕಣ್ಣಿಗೆ ಕಾಣದಷ್ಟು ನಿಧಾನದ್ದು ಕ್ರೀಪ್. ಬೇಲಿ ಕಂಬಗಳು ಇಳಿಜಾರಿನ ಕಡೆ ವಾಲಿರುತ್ತವೆ, ಮರದ ಬುಡ ಬಾಗಿ ಮೇಲೆ ನೆಟ್ಟಗಾಗಿರುತ್ತದೆ.

ತೋಟದಲ್ಲಿ ಬಿರುಕು ಕಂಡು ಇಂಗ್ಲಿಷಿನಲ್ಲಿ ದೂರು ಬರೆಯುವಾಗ 'ಲ್ಯಾಂಡ್‌ಸ್ಲೈಡ್ ಹ್ಯಾಪನ್ಡ್' ಎಂದು ಬರೆಯಬೇಡಿ, ಇನ್ನೂ ಆಗಿಲ್ಲ. ಬಿರುಕಿನ ಎರಡೂ ಕಡೆ ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ತಾರೀಖಿನ ಜೊತೆ ಬರೆದಿಡಿ. ಅಂತರ ಹೆಚ್ಚಿದ್ದರೆ 'ದ ಕ್ರ್ಯಾಕ್ ಹ್ಯಾಸ್ ವೈಡನ್ಡ್', ಕೆಳಗಿನ ಅಂಚು ತಗ್ಗಿದ್ದರೆ 'ದ ಲೋವರ್ ಸೈಡ್ ಹ್ಯಾಸ್ ಡ್ರಾಪ್ಡ್', ಜೊತೆಗೆ ಎಷ್ಟು ಸೆಂಟಿಮೀಟರ್ ಎಂಬುದು. ಎರಡೂ ಆಗುತ್ತಿದ್ದು ಮಳೆ ನಿಂತಿಲ್ಲ ಎಂದಾದರೆ ದೂರನ್ನು ಆಮೇಲೆ ಬರೆಯಿರಿ, ಮೊದಲು ಕೆಳಗಿರುವ ತೋಟದ ಕಾರ್ಮಿಕರ ಲೈನ್ ಮನೆಗಳನ್ನು ಖಾಲಿ ಮಾಡಿಸಿ.