ರಷ್ ಅವರ್ 2 ‘ಮೊದಲನೆಯದಷ್ಟು’ ಚೆನ್ನಾಗಿದೆಯಾ? ಇನ್ನು ಬಾಯಲ್ಲಿ ಹೇಳಲಾರೆ, ಓದಿಕೊಳ್ಳಿ

ಪ್ರಶ್ನೆ ಯಾವಾಗಲೂ ಹೀಗೇ ಇರುತ್ತದೆ: “ರಷ್ ಅವರ್ 2 ಮೊದಲನೆಯದಷ್ಟು ಚೆನ್ನಾಗಿದೆಯಾ?” ಅದಕ್ಕೊಂದು ಬಾಲಂಗೋಚಿ: “ಒಂದೇ ಮಾತಲ್ಲಿ ಹೇಳಿ ಸಾಕು.” ಒಂದೇ ಮಾತಲ್ಲಿ: ನೋಡಿ. ಇಷ್ಟಕ್ಕೆ ಸಮಾಧಾನ ಆದವರು ಇಲ್ಲಿಂದಲೇ ಎದ್ದು ಹೋಗಬಹುದು. ಯಾರೂ ಹೋಗುವುದಿಲ್ಲ, ಅದೇ ರಗಳೆ. “ನೋಡಿ” ಅಂದ ಕೂಡಲೇ “ಆದ್ರೆ ಎಲ್ರೂ ಚೆನ್ನಾಗಿಲ್ಲ ಅಂತಾರಲ್ಲ” ಎಂದು ಶುರು. ಎಲ್ಲರೂ ಹೇಳಿದ್ದನ್ನು ಕೇಳಿಕೊಂಡೇ ಬಂದಿದ್ದರೆ ಮತ್ತೆ ನನ್ನ ತಲೆ ಯಾಕೆ ತಿನ್ನಬೇಕು?

ಗೊತ್ತಿಲ್ಲದವರಿಗೆ ಎರಡು ಸಾಲು. 1998ರ ಹಾಲಿವುಡ್ ಸಿನಿಮಾ ರಷ್ ಅವರ್‌ನಲ್ಲಿ ಹಾಂಗ್‌ಕಾಂಗ್‌ನ ಇನ್ಸ್‌ಪೆಕ್ಟರ್ ಲೀ, ಅಂದರೆ ಜಾಕಿ ಚಾನ್, ಲಾಸ್ ಏಂಜಲೀಸ್‌ಗೆ ಬರುತ್ತಾನೆ. ಅಲ್ಲಿನ ಬಾಯಿಬಡುಕ ಪೊಲೀಸ್ ಕಾರ್ಟರ್, ಅಂದರೆ ಕ್ರಿಸ್ ಟಕರ್, ಅವನಿಗೆ ಗಂಟು ಬೀಳುತ್ತಾನೆ. 2001ರ ಆಗಸ್ಟ್‌ನಲ್ಲಿ ಬಂದ ಎರಡನೆಯದರಲ್ಲಿ ಕಾರ್ಟರ್ ರಜೆಗೆಂದು ಹಾಂಗ್‌ಕಾಂಗ್‌ಗೆ ಹೋಗುತ್ತಾನೆ, ಅಮೆರಿಕದ ಕಾನ್ಸುಲೇಟ್‌ನಲ್ಲಿ ಬಾಂಬ್ ಸಿಡಿಯುತ್ತದೆ, ನಕಲಿ ನೂರು ಡಾಲರ್ ನೋಟಿನ ಜಾಡು ಹಿಡಿದು ಇಬ್ಬರೂ ಲಾಸ್ ಏಂಜಲೀಸ್‌ಗೆ, ಅಲ್ಲಿಂದ ಲಾಸ್ ವೇಗಸ್‌ಗೆ ಓಡುತ್ತಾರೆ. ಎರಡಕ್ಕೂ ನಿರ್ದೇಶಕ ಬ್ರೆಟ್ ರ‍್ಯಾಟ್ನರ್. ಎರಡನೆಯದು ಬರೀ ಒಂದೂವರೆ ಗಂಟೆ. ಅದನ್ನು ನೋಡಲೋ ಬೇಡವೋ ಎಂದು ಅದಕ್ಕಿಂತ ಹೆಚ್ಚು ಹೊತ್ತು ಚರ್ಚೆ ಮಾಡುವ ಜನ ಇದ್ದಾರೆ.

ಈಗ ಆ ‘ಅಷ್ಟು’ ಅನ್ನುವ ಪದಕ್ಕೆ ಬರೋಣ. ಯಾವ ಸೇರಿನಲ್ಲಿ ಅಳೆಯೋಣ ಹೇಳಿ. ದುಡ್ಡಿನ ಸೇರಾದರೆ ಲೆಕ್ಕ ಸಲೀಸು. ಮೊದಲನೆಯದಕ್ಕೆ ಬಿದ್ದ ಖರ್ಚು ಮೂರೂವರೆ ಕೋಟಿ ಡಾಲರ್‌ನ ಆಸುಪಾಸು, ಜಗತ್ತಿನಾದ್ಯಂತ ಬಂದದ್ದು ಸುಮಾರು 24.4 ಕೋಟಿ. ಎರಡನೆಯದಕ್ಕೆ 9 ಕೋಟಿ ಸುರಿದು 34.7 ಕೋಟಿ ಬಾಚಿದರು. 2007ರ ಮೂರನೆಯದು 14 ಕೋಟಿ ನುಂಗಿ 25.8 ಕೋಟಿಗೇ ಸುಸ್ತಾಯಿತು. ವಿಮರ್ಶಕರ ಸೇರೇ ಬೇರೆ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಮೊದಲನೆಯದಕ್ಕೆ ನಾಲ್ಕರಲ್ಲಿ ಮೂರು ಸ್ಟಾರ್ ಕೊಟ್ಟವರು ಎರಡನೆಯದಕ್ಕೆ ಒಂದೂವರೆಗೆ ಇಳಿದರು. ಜನ ಕ್ಯೂ ನಿಂತರು, ವಿಮರ್ಶಕರು ಬೈದರು, ಇಬ್ಬರೂ ನೋಡಿದ್ದು ಒಂದೇ ಸಿನಿಮಾ. ಇಬ್ಬರದೂ ಸರಿ ಅನ್ನುವುದು ನನ್ನ ವಾದ. ಜನ ನಕ್ಕದ್ದು ಮೊದಲರ್ಧಕ್ಕೆ, ವಿಮರ್ಶಕರು ಹೊರಗೆ ತಂದದ್ದು ಕೊನೆಯ ಅರ್ಧದ ಬೇಸರ.

ಯಾಕೆ ಹೀಗೆ? ಜೋಡಿ ಪೊಲೀಸರ ಕಥೆಯಲ್ಲಿ ನಗು ಹುಟ್ಟುವುದು ಒಬ್ಬನಿಗೆ ಊರು ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ. ಮೊದಲ ಚಿತ್ರದಲ್ಲಿ ಹೊಸಬ ಲೀ. ಬಾರ್‌ಗೆ ಹೋದಾಗ ಕಾರ್ಟರ್ ತನ್ನವರನ್ನು ಮಾತನಾಡಿಸುವ ಸಲುಗೆಯ ಪದವೊಂದನ್ನು ಲೀ ಕೇಳಿಸಿಕೊಳ್ಳುತ್ತಾನೆ. ಅದೇ ಪದವನ್ನು ನಗುಮುಖದಿಂದ ಬಾರ್‌ನವನಿಗೆ ಹೇಳುತ್ತಾನೆ. ಕರಿಯರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಪದ ಅದು, ಹೊರಗಿನವನು ಆಡಿದರೆ ಬೈಗುಳ. ಮುಂದೆ ಬಿಲಿಯರ್ಡ್ಸ್ ಕೋಲುಗಳ ನಡುವಿನ ಹೊಡೆದಾಟ. ಗಮನಿಸಿ, ಹೊಡೆದಾಟಕ್ಕೆ ಕಾರಣ ಖಳನಲ್ಲ, ಒಂದು ತಪ್ಪು ಪದ. ಜೋಕು ಮುಗಿದು ಫೈಟು ಶುರುವಾಗುವುದಿಲ್ಲ, ಜೋಕೇ ಫೈಟಾಗುತ್ತದೆ.

ಎರಡನೆಯದರಲ್ಲಿ ಅಂಗಿ ತಿರುವಿ ಹಾಕಿಕೊಂಡರು. ಈಗ ಹೊಸಬ ಕಾರ್ಟರ್. ಹಾಂಗ್‌ಕಾಂಗ್ ರಸ್ತೆಯಲ್ಲಿ ಪಕ್ಕದ ಕಾರಿನ ಹುಡುಗಿಯರಿಗೆ ತನ್ನ ಮುರುಕು ಚೀನೀ ಭಾಷೆಯಲ್ಲಿ ಏನೋ ಹೇಳಿ ಮೀಸೆ ತಿರುವುತ್ತಾನೆ. ಬಟ್ಟೆ ಬಿಚ್ಚಿ ಒಂದು ಸಣ್ಣ ಆಡು ಬಲಿ ಕೊಡೋಣ ಬನ್ನಿ ಅಂತ ಈಗಷ್ಟೇ ಕರೆದೆ ಎಂದು ಲೀ ತಿಳಿಸಿಹೇಳುತ್ತಾನೆ. ಇಲ್ಲಿ ಲೀ ಮನೆಯ ಯಜಮಾನ, ಕಾರ್ಟರ್ ಬಾಯಿಬಡುಕ ನೆಂಟ. ಅದೇ ಜೋಡಿ, ಅದೇ ಜಗಳ, ಆದರೆ ತಕ್ಕಡಿ ಆ ಕಡೆ ವಾಲಿದೆ. “ಹಳೇ ಜೋಕನ್ನೇ ಬಿಸಿ ಮಾಡಿ ಬಡಿಸಿದ್ದಾರೆ” ಅನ್ನುವವರು ಇದನ್ನು ನೋಡಿಯೇ ಇಲ್ಲ.

ಇಬ್ಬರನ್ನೂ ವಿಮಾನ ಹತ್ತಿಸಿ ಅಮೆರಿಕಕ್ಕೆ ಕಳಿಸಿದ್ದೇ ಎಡವಟ್ಟಾದದ್ದು. ಲೀ ಆ ಊರಿಗೆ ಹೊಸಬನಲ್ಲ, ಹಿಂದಿನ ಚಿತ್ರದಲ್ಲೇ ಬಂದು ಹೋಗಿದ್ದಾನೆ. ಇನ್ನು ವೇಗಸ್ ಅನ್ನುವುದು ಪರಊರಿನವರಿಂದಲೇ ತುಂಬಿದ ಜಾತ್ರೆ, ಅಲ್ಲಿ ಯಾರೂ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. 2000ದಲ್ಲಿ ಬಾಗಿಲು ಹಾಕಿದ್ದ ಡೆಸರ್ಟ್ ಇನ್ ಕ್ಯಾಸಿನೊಗೆ ಬಣ್ಣ ಹೊಡೆದು ‘ರೆಡ್ ಡ್ರ್ಯಾಗನ್’ ಮಾಡಿಕೊಂಡರು. ಜಾಗ ದೊಡ್ಡದು, ಕೆಂಪೂ ಚಿನ್ನದ ಬಣ್ಣವೂ ಕಣ್ಣು ಕುಕ್ಕುತ್ತದೆ, ನಗು ಮಾತ್ರ ತೆಳ್ಳಗೆ. ಮೂರನೆಯದರಲ್ಲಿ ಪ್ಯಾರಿಸ್, ಇಬ್ಬರೂ ಹೊಸಬರು, ಊರು ಗೊತ್ತಿರುವವನೇ ಇಲ್ಲ. ಅದರ ಗತಿ ಮೇಲೆ ಹೇಳಿದ್ದೇನೆ.

ವೇಗಸ್‌ನಲ್ಲೂ ಒಂದು ದೃಶ್ಯ ಬಿಡಬಾರದು. ಖಳನ ಬಂಟಿ ಹು ಲೀ, ಲೀಯ ಬಾಯೊಳಗೆ ಪುಟ್ಟ ಬಾಂಬ್ ತುರುಕಿ ಮೇಲೆ ಟೇಪ್ ಅಂಟಿಸುತ್ತಾಳೆ. ಅಲ್ಲಿಗೆ ಜಾಕಿಯ ಮಾತು ಬಂದ್, ಇರುವುದು ಕಣ್ಣು, ಹುಬ್ಬು, ಕೆನ್ನೆ. ಅದು ಮೂಕಿ ಚಿತ್ರದ ನಟನೆ. ಇಡೀ ಚಿತ್ರದಲ್ಲಿ ಉಸಿರು ಬಿಡದೆ ಮಾತನಾಡುವವನ ಎದುರು ಒಂದು ಮಾತೂ ಆಡಲಾಗದವನನ್ನು ನಿಲ್ಲಿಸಿದವರಿಗೆ ಶಹಭಾಸ್ ಅನ್ನಲೇಬೇಕು.

ಟಕರ್ ಕಿರುಚುತ್ತಾನೆ ಅನ್ನುವ ದೂರು ಒಪ್ಪಿದೆ. ಕ್ಯಾಸಿನೊ ಟೇಬಲ್ ಮುಂದಿನ ಕೂಗಾಟ ಒಂದು ನಿಮಿಷ ಕಡಿಮೆಯಾಗಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಮಸಾಜ್ ಪಾರ್ಲರ್ ಹೊಡೆದಾಟದಲ್ಲಿ ಕಾರ್ಟರ್‌ನ ಗುದ್ದು ತಪ್ಪಿ ಲೀಗೇ ಬೀಳುತ್ತದೆ, ನೀವೆಲ್ಲ ಒಂದೇ ಥರ ಕಾಣುತ್ತೀರಿ ಅನ್ನುವುದು ಅವನ ಸಮಜಾಯಿಷಿ. ಅಂದು ಥಿಯೇಟರ್ ನಕ್ಕಿತು. ಇಂದು ಅರ್ಧ ಜನ ನಗುತ್ತಾರೆ, ಅರ್ಧ ಜನ ಪಕ್ಕದವರ ಮುಖ ನೋಡುತ್ತಾರೆ. ಮಕ್ಕಳ ಜೊತೆ ಕೂತು ನೋಡುವವರು ಇದನ್ನು ತಿಳಿದೇ ಕೂರಿ, ಆಮೇಲೆ ನನಗೆ ಫೋನ್ ಮಾಡಬೇಡಿ.

ಯಾರೂ ಎತ್ತದ ತಕರಾರು ಒಂದಿದೆ, ನನ್ನ ಹೊಟ್ಟೆ ಉರಿಸುವುದು ಅದೇ. ಹು ಲೀ ಪಾತ್ರ ಮಾಡಿದವಳು ಝಾಂಗ್ ಝೀಯಿ. ಹಿಂದಿನ ವರ್ಷವಷ್ಟೇ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರದಲ್ಲಿ ಕತ್ತಿ ಹಿಡಿದು ಜಗತ್ತಿನ ಕಣ್ಣು ತನ್ನತ್ತ ತಿರುಗಿಸಿಕೊಂಡ ಹುಡುಗಿ. ಜಾಕಿ ಎದುರು ಇಂಥ ಕಾಲು ಸಿಕ್ಕಿದೆ, ಕೊನೆಯಲ್ಲಿ ಇವರಿಬ್ಬರನ್ನು ಬಿಡುತ್ತಾರೆ ಎಂದು ಕಾದು ಕೂತರೆ, ಅವಳ ಹೊಡೆದಾಟ ಕಾರ್ಟರ್ ಪಾಲಿಗೆ! ಹೊಡೆದಾಟವೇ ಬಾರದವನು ಕೈತಪ್ಪಿನಿಂದ ಅವಳನ್ನು ಮಲಗಿಸುತ್ತಾನೆ. ಜಾಕಿ ಮಹಡಿ ಮೇಲೆ ಖಳ ರಿಕಿ ಟ್ಯಾನ್ ಜೊತೆ ಹಳೇ ಲೆಕ್ಕ ಮಾತಾಡುತ್ತಿರುತ್ತಾನೆ. ಆ ಖಳ ಜಾನ್ ಲೋನ್, ದ ಲಾಸ್ಟ್ ಎಂಪರರ್‌ನ ಚಕ್ರವರ್ತಿ, ಒಳ್ಳೆಯ ನಟ. ಆದರೆ ಜಾಕಿ ಚಿತ್ರದ ಕೊನೆಗೆ ಬೇಕಾದದ್ದು ಒದೆಯಬಲ್ಲ ಎದುರಾಳಿ.

ಹಾಗಾಗಿ ನನ್ನನ್ನು ಕೇಳಬೇಕಾದದ್ದು ‘ಅಷ್ಟು ಇದೆಯಾ’ ಅಂತಲ್ಲ. ಹೊಡೆದಾಟದಲ್ಲಿ ನಗು ಎಲ್ಲಿಂದ ಬರುತ್ತದೆ ಅಂತ ಕೇಳಿ, ಕೂತು ಹೇಳುತ್ತೇನೆ. ಮೊದಲ ಚಿತ್ರದ ಕೊನೆಗೆ ಹೋಗಿ, ಚೀನೀ ಪುರಾತನ ವಸ್ತುಗಳ ಪ್ರದರ್ಶನದ ಭಾಗ. ಧ್ವನಿ ಮ್ಯೂಟ್ ಮಾಡಿ. ಲೀಗೆ ಎರಡು ಕೆಲಸ: ಎದುರಿನವನನ್ನು ಹೊಡೆಯಬೇಕು, ಆಳೆತ್ತರದ ಹೂದಾನಿ ಬೀಳದಂತೆ ಹಿಡಿಯಬೇಕು. ಹೂದಾನಿ ವಾಲುತ್ತದೆ, ಹಿಡಿಯುತ್ತಾನೆ, ಒದೆ ತಿನ್ನುತ್ತಾನೆ, ನೋವಾದದ್ದು ಮುಖದಲ್ಲಿ ಕಾಣುತ್ತದೆ. ಆ ಕೊನೆಯದು ಮುಖ್ಯ. ಏಟು ಬಿದ್ದ ಮೇಲೆ ಕೈ ಕೊಡವಿಕೊಳ್ಳುವ ಹೀರೋ ಅವನು. ನೋವೇ ಆಗದವನ ಫೈಟ್ ನೋಡಿ ಶಿಳ್ಳೆ ಹಾಕಬಹುದು, ನಗು ಬರುವುದಿಲ್ಲ.

ಆಮೇಲೆ ಎರಡನೆಯದರ ಬಿದಿರಿನ ಸಾರುವೆ ದೃಶ್ಯ. ಹಾಂಗ್‌ಕಾಂಗ್‌ನಲ್ಲಿ ಬಹುಮಹಡಿ ಕಟ್ಟಡಕ್ಕೂ ಬಿದಿರಿನ ಸಾರುವೆ ಕಟ್ಟುವ ವಾಡಿಕೆ ಇದೆ, ಹಾಗಾಗಿ ಜಾಕಿಗೆ ಅದು ಮನೆಯ ಏಣಿ ಇದ್ದಂತೆ. ಇಲ್ಲಿ ಕಟ್‌ಗಳನ್ನು ಎಣಿಸಿ. ಹೊಡೆಯುವವನು, ತಿನ್ನುವವನು, ಬಿದಿರು ಮೂರೂ ಒಂದೇ ಚೌಕಟ್ಟಿನಲ್ಲಿದ್ದರೆ ಏಟು ನಿಜವೆನಿಸುತ್ತದೆ. ಹೊಡೆತ ಒಂದು ಶಾಟ್, ಮುಖ ಇನ್ನೊಂದು ಶಾಟ್ ಆದರೆ ಅದು ಎಡಿಟರ್ ಹೊಡೆದ ಏಟು. ತನ್ನ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಜಾಕಿ ಒಂದು ಹೊಡೆದಾಟಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದ. ಹಾಲಿವುಡ್‌ನಲ್ಲಿ ಶೆಡ್ಯೂಲ್, ವಿಮೆ, ಸುರಕ್ಷತೆಯ ನಿಯಮ, ಎಲ್ಲಕ್ಕೂ ಗಡಿಯಾರ. ವ್ಯತ್ಯಾಸ ಕಣ್ಣಾರೆ ಬೇಕಿದ್ದರೆ ಡ್ರಂಕನ್ ಮಾಸ್ಟರ್ 2 ಹಾಕಿ. 1978ರ ಚಿತ್ರಕ್ಕೆ ಹದಿನಾರು ವರ್ಷದ ಮೇಲೆ, 1994ರಲ್ಲಿ ಬಂದ ಎರಡನೇ ಭಾಗ. ಕೊನೆಯಲ್ಲಿ ಎದುರಾಳಿ ಕೆನ್ ಲೋ ಒಂದೇ ಕಾಲಿನಲ್ಲಿ ಒದೆಯುತ್ತಲೇ ಇರುತ್ತಾನೆ, ಜಾಕಿ ಉರಿಯುವ ಕೆಂಡದ ಮೇಲೆ ತೆವಳುತ್ತಾನೆ. ಎರಡನೇ ಭಾಗ ಮೊದಲನೆಯದನ್ನು ಮೀರಿಸಿದ್ದಕ್ಕೆ ಉದಾಹರಣೆ ಇದು. ಅದರ ಬಗ್ಗೆ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಕೇಳುವುದೇನಿದ್ದರೂ “ಜಾಕಿ ಹಂಪಿಗೆ ಬಂದಿದ್ನಂತೆ, ಹೌದಾ?” ಹೌದು, ದ ಮಿಥ್ ಶೂಟಿಂಗ್‌ಗೆ ಬಂದಿದ್ದ, ಆ ಚಿತ್ರ 2005ರದ್ದು. ಆಯ್ತಾ?

ಹಿಂದಿ ಡಬ್ಬಿಂಗ್‌ನಲ್ಲಿ ರಷ್ ಅವರ್ ನೋಡಿ ಅಭಿಪ್ರಾಯ ಕೊಡುವವರಿಗೆ ಒಂದು ವಿನಂತಿ, ಕೊಡಬೇಡಿ. ಮೊದಲ ಚಿತ್ರದ ಆರಂಭದ ತಮಾಷೆಯೆಲ್ಲ ಲೀಗೆ ಇಂಗ್ಲಿಷ್ ಬರುವುದಿಲ್ಲ ಎಂದು ಕಾರ್ಟರ್ ನಂಬುವುದರಲ್ಲಿದೆ, ಎರಡನೆಯದರ ಆಡಿನ ಜೋಕು ಕಾರ್ಟರ್‌ನ ಚೀನೀ ಉಚ್ಚಾರಣೆಯಲ್ಲಿದೆ. ಇಬ್ಬರೂ ಅಚ್ಚುಕಟ್ಟಾದ ಹಿಂದಿ ಮಾತನಾಡುತ್ತಿದ್ದರೆ ಯಾರಿಗೆ ಯಾವ ಭಾಷೆ ಬರುವುದಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ಮೂಲ ಧ್ವನಿ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ.

ಮತ್ತೆ ಚಿತ್ರ ಮುಗಿಯಿತೆಂದು ಏಳಬೇಡಿ. ಕೊನೆಯ ಹೆಸರುಗಳ ಜೊತೆ ಕೆಟ್ಟುಹೋದ ಟೇಕ್‌ಗಳನ್ನು ತೋರಿಸುವುದು ಜಾಕಿಯ ರೂಢಿ; 1981ರಲ್ಲಿ ಕ್ಯಾನನ್‌ಬಾಲ್ ರನ್‌ನಲ್ಲಿ ನಟಿಸಿದಾಗ ಅಲ್ಲಿ ಕಂಡು ತಂದದ್ದು. ಹಾಂಗ್‌ಕಾಂಗ್ ಚಿತ್ರಗಳಲ್ಲಿ ಆ ಜಾಗದಲ್ಲಿ ಜಾಕಿ ಬೀಳುತ್ತಾನೆ, ಜನ ಓಡಿ ಬರುತ್ತಾರೆ, ಸ್ಟ್ರೆಚರ್ ಬರುತ್ತದೆ. ರಷ್ ಅವರ್ 2ರಲ್ಲಿ ಬಹುಪಾಲು ಬೀಳುವುದು ನಾಲಿಗೆ: ಡೈಲಾಗ್ ತೊಡರುತ್ತದೆ, ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಮೊಬೈಲ್ ಆ್ಯಪ್‌ಗಳು ಅಷ್ಟರಲ್ಲಿ ಪರದೆ ಚಿಕ್ಕದು ಮಾಡಿ ಮುಂದಿನ ಸಿನಿಮಾ ತೋರಿಸಲು ಹೊರಡುತ್ತವೆ. ಆ ಚಿಕ್ಕ ಚೌಕವನ್ನು ಒತ್ತಿ, ವಾಪಸ್ ದೊಡ್ಡದಾಗುತ್ತದೆ.